ಹೋಮರ್ ಗೆದ್ದ ಪಂದ್ಯ, ನಾನು ಬರೆದ ಲೆಕ್ಕ

ಈ ಸಂಚಿಕೆಗೆ ಕಾರ್ಟೂನ್ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಸೆಕ್ಷನ್‌ನಲ್ಲಿ ಎಲ್ಲರೂ ನಕ್ಕರು. ‘ಬೋರ್ಡ್ ಎಕ್ಸಾಮ್ ಬರೆಯೋಳು ಕಾರ್ಟೂನ್ ನೋಡ್ತೀಯಾ?’ ಎಂದು ಕೇಳಿದರು. ನೋಡುತ್ತೇನೆ. ಆದರೆ ಈ ಲೇಖನ ಅರ್ಧ ಮಾತ್ರ ಕಾರ್ಟೂನಿನದು. ಉಳಿದರ್ಧ ಒಂದು ನೋಟ್‌ಬುಕ್ಕಿನದು. ಅದನ್ನು ಬರೆದವಳು ನಾನೇ.

ಮೊದಲು ಕಾರ್ಟೂನ್ ವಿಷಯ. ‘ದಿ ಸಿಂಪ್ಸನ್ಸ್’ ಅಮೆರಿಕದ ಹಾಸ್ಯ ಧಾರಾವಾಹಿ. 1989ರಿಂದ ಇಂದಿನವರೆಗೂ ಬರುತ್ತಿದೆ. ಸ್ಪ್ರಿಂಗ್‌ಫೀಲ್ಡ್ ಎಂಬ ಊರು, ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ಹೋಮರ್ ಎಂಬ ಅಪ್ಪ, ಮಾರ್ಜ್ ಎಂಬ ತಾಯಿ, ತುಂಟ ಮಗ ಬಾರ್ಟ್, ಬುದ್ಧಿವಂತ ಮಗಳು ಲಿಸಾ, ಮಾತು ಬಾರದ ಕೂಸು ಮ್ಯಾಗಿ. ಇದನ್ನು ನನಗೆ ತೋರಿಸಿದವನು ನನ್ನ ಖಾಲಾನ ಮಗ, ಅಂದರೆ ಅಮ್ಮಿಯ ತಂಗಿಯ ಮಗ. ಡಿಗ್ರಿ ಓದುತ್ತಾನೆ, ನಮ್ಮ ಹಿಂದಿನ ಬೀದಿಯಲ್ಲೇ ಮನೆ. ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಅವನು ನನ್ನನ್ನು ‘ಲಿಸಾ’ ಎಂದೇ ಕರೆಯುತ್ತಿದ್ದ. ಅವನ ಅನುಮತಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ‘ಹೆಸರು ಮಾತ್ರ ಹಾಕಬೇಡ’ ಎಂದ. ಹಾಕುವುದಿಲ್ಲ.

ನಾನು ಹೇಳಬೇಕೆಂದಿರುವ ಕಂತಿನ ಹೆಸರು ‘ಹೋಮರ್ ಅಟ್ ದಿ ಬ್ಯಾಟ್’. 1992ರ ಫೆಬ್ರವರಿ 20ರಂದು ಪ್ರಸಾರವಾಯಿತು. ನಾವು ಯಾರೂ ಹುಟ್ಟಿರಲಿಲ್ಲ. ಕಥೆ ಸರಳ. ಸ್ಥಾವರದ ನೌಕರರಿಗೆ ಒಂದು ಸಾಫ್ಟ್‌ಬಾಲ್ ತಂಡವಿದೆ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ ಎಂದುಕೊಳ್ಳಿ. ಹೋಮರ್ ತಾನೇ ಮಾಡಿಕೊಂಡ ಒಂದು ಬ್ಯಾಟಿನಿಂದ ಪಂದ್ಯದ ಮೇಲೆ ಪಂದ್ಯ ಗೆಲ್ಲಿಸುತ್ತಾನೆ. ಫೈನಲ್‌ಗೆ ಬಂದಾಗ ಮಾಲೀಕ ಮಿಸ್ಟರ್ ಬರ್ನ್ಸ್ ಪಕ್ಕದ ಶೆಲ್ಬಿವಿಲ್ ಸ್ಥಾವರದ ಮಾಲೀಕನ ಜೊತೆ ಹತ್ತು ಲಕ್ಷ ಡಾಲರ್ ಬಾಜಿ ಕಟ್ಟುತ್ತಾನೆ. ಬಾಜಿ ಕಟ್ಟಿದ ಮೇಲೆ ಸೋಲುವ ಮನಸ್ಸಿಲ್ಲ. ಆದ್ದರಿಂದ ದೇಶದ ಒಂಬತ್ತು ದೊಡ್ಡ ಬೇಸ್‌ಬಾಲ್ ಆಟಗಾರರಿಗೆ ಸ್ಥಾವರದಲ್ಲಿ ಹೆಸರಿಗೊಂದು ನೌಕರಿ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳುತ್ತಾನೆ. ಅಲ್ಲಿಯವರೆಗೆ ಆಡಿ ಗೆಲ್ಲಿಸಿದ ನೌಕರರೆಲ್ಲ ಬೆಂಚಿಗೆ.

ಬೇಸ್‌ಬಾಲ್ ಗೊತ್ತಿಲ್ಲದೆಯೂ ನಗಬಹುದು. ಆದರೆ ಗೊತ್ತಿದ್ದರೆ ಎರಡು ಪಟ್ಟು ನಗು ಬರುತ್ತದೆ. ನಾನು ಒಂದೊಂದನ್ನೇ ಹುಡುಕಿ ಓದಿ ತಿಳಿದುಕೊಂಡೆ. ಕಂತಿನ ಹೆಸರೇ 1888ರಲ್ಲಿ ಅರ್ನೆಸ್ಟ್ ಥೇಯರ್ ಬರೆದ ‘ಕೇಸಿ ಅಟ್ ದಿ ಬ್ಯಾಟ್’ ಎಂಬ ಪ್ರಸಿದ್ಧ ಪದ್ಯದಿಂದ ಬಂದದ್ದು. ಅದರಲ್ಲಿ ಊರೇ ನಂಬಿದ ಆಟಗಾರ ಕೊನೆಗೆ ಔಟಾಗುತ್ತಾನೆ. ಹೋಮರನ ಮಾಯಾ ಬ್ಯಾಟ್ 1984ರ ‘ದಿ ನ್ಯಾಚುರಲ್’ ಸಿನಿಮಾದ ಅಣಕ. ಬರ್ನ್ಸ್ ತನಗೆ ಬೇಕಾದ ಆಟಗಾರರ ಪಟ್ಟಿ ಕೊಟ್ಟಾಗ ಅವನ ಸಹಾಯಕ ಸ್ಮಿದರ್ಸ್ ಹೆದರುತ್ತಲೇ ಹೇಳುತ್ತಾನೆ, ಇವರೆಲ್ಲ ಸತ್ತುಹೋಗಿದ್ದಾರೆ, ಬಲಬದಿಯ ಫೀಲ್ಡರ್ ಸತ್ತು 130 ವರ್ಷವಾಯಿತು ಎಂದು. ಇದು ಬಾಯಿಗೆ ಬಂದ ಸಂಖ್ಯೆಯಲ್ಲ. ಪಟ್ಟಿಯಲ್ಲಿರುವ ಜಿಮ್ ಕ್ರೈಟನ್ ಎಂಬ ಆಟಗಾರ ನಿಜವಾಗಿಯೂ 1862ರಲ್ಲಿ ತೀರಿಕೊಂಡವನು. 1992ರಿಂದ ಕಳೆದು ನೋಡಿ.

ಇನ್ನೊಂದು ತಮಾಷೆ. ಡ್ಯಾರಿಲ್ ಸ್ಟ್ರಾಬೆರಿ ಎಂಬ ಆಟಗಾರನನ್ನು ಬಾರ್ಟ್ ಮತ್ತು ಲಿಸಾ ಗ್ಯಾಲರಿಯಿಂದ ‘ಡ್ಯಾ...ರಿಲ್’ ಎಂದು ರಾಗವಾಗಿ ಕೂಗಿ ರೇಗಿಸುತ್ತಾರೆ. ಇದೂ ನಡೆದದ್ದೇ. 1986ರ ವರ್ಲ್ಡ್ ಸೀರೀಸ್‌ನಲ್ಲಿ ಬಾಸ್ಟನ್‌ನ ಪ್ರೇಕ್ಷಕರು ಅವನನ್ನು ಹೀಗೆಯೇ ಕೂಗಿ ಕಾಡಿದ್ದರು. ಆ ಒಂಬತ್ತೂ ಆಟಗಾರರು ತಮ್ಮ ತಮ್ಮ ಪಾತ್ರಕ್ಕೆ ತಾವೇ ಧ್ವನಿ ಕೊಟ್ಟಿದ್ದಾರೆ. ತಮ್ಮನ್ನೇ ಗೇಲಿ ಮಾಡುವ ಕಂತಿಗೆ ಧ್ವನಿ ಕೊಡುವುದಕ್ಕೂ ದೊಡ್ಡ ಮನಸ್ಸು ಬೇಕು.

ಪಂದ್ಯದ ಹೊತ್ತಿಗೆ ಒಂಬತ್ತರಲ್ಲಿ ಎಂಟು ಜನರಿಗೆ ಏನಾದರೊಂದು ಗ್ರಹಚಾರ ವಕ್ಕರಿಸುತ್ತದೆ. ಒಬ್ಬ ತಾನು ಕೋಳಿ ಎಂದುಕೊಳ್ಳುತ್ತಾನೆ. ಒಬ್ಬನ ತಲೆ ಟಾನಿಕ್ ಕುಡಿದು ಕುಂಬಳಕಾಯಿಯಂತೆ ಊದುತ್ತದೆ. ಒಬ್ಬನನ್ನು ಪೊಲೀಸರು ಹಿಡಿಯುತ್ತಾರೆ. ಮೈಕ್ ಸೋಷಾ ಎಂಬವನು ಸ್ಥಾವರದ ಕೆಲಸವನ್ನು ನಿಜಕ್ಕೂ ಮಾಡಲು ಹೋಗಿ ವಿಕಿರಣ ತಗುಲಿ ಮಲಗುತ್ತಾನೆ. ಉಳಿದವನು ಸ್ಟ್ರಾಬೆರಿ ಒಬ್ಬನೇ. ಕೊನೆಯ ಇನಿಂಗ್ಸ್. ಸ್ಕೋರ್ ಸಮ. ಆ ದಿನವೇ ಒಂಬತ್ತು ಹೋಮ್ ರನ್ ಹೊಡೆದ ಸ್ಟ್ರಾಬೆರಿಯನ್ನು ಕೂರಿಸಿ ಬರ್ನ್ಸ್ ಹೋಮರನನ್ನು ಕಳಿಸುತ್ತಾನೆ. ಕಾರಣ, ಚೆಂಡೆಸೆಯುವವನು ಎಡಗೈಯವನು, ಸ್ಟ್ರಾಬೆರಿಯೂ ಎಡಗೈಯವನು. ಲೆಕ್ಕದ ಪ್ರಕಾರ ಬಲಗೈ ಬ್ಯಾಟರ್‌ಗೆ ಅವಕಾಶ ಹೆಚ್ಚು. ಹೋಮರ್ ಬ್ಯಾಟ್ ಬೀಸುವುದೇ ಇಲ್ಲ. ಚೆಂಡು ಬಂದು ತಲೆಗೆ ಬಡಿಯುತ್ತದೆ, ಪ್ರಜ್ಞೆ ತಪ್ಪುತ್ತದೆ. ನಿಯಮದಂತೆ ಅದಕ್ಕೊಂದು ರನ್ ಸಿಗುತ್ತದೆ. ತಂಡ ಗೆದ್ದಿತು. ಬರ್ನ್ಸ್ ಹತ್ತು ಲಕ್ಷ ಡಾಲರ್ ಗೆದ್ದ. ಗೆಲ್ಲಿಸಿದವನಿಗೆ ತಾನು ಗೆದ್ದದ್ದೇ ಗೊತ್ತಿಲ್ಲ.

ನಾನೂ ನನ್ನ ಅಣ್ಣನೂ (ಖಾಲಾನ ಮಗನನ್ನು ಅಣ್ಣ ಎಂದೇ ಬರೆಯುತ್ತೇನೆ) ಇದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಿದ್ದೆವು. ಅದು 2025ರ ಐಪಿಎಲ್ ಸಮಯ.

ಈಗ ನೋಟ್‌ಬುಕ್. ನಮ್ಮ ಮನೆಯಲ್ಲಿ ಅಣ್ಣಂದಿರು, ಅವರ ಸ್ನೇಹಿತರು ಸೇರಿ ಹತ್ತು ಜನ. ಪಂದ್ಯಕ್ಕೆ ತಲಾ ಇಪ್ಪತ್ತು ರೂಪಾಯಿ ಹಾಕಬೇಕು. ಸರಿಯಾಗಿ ಹೇಳಿದವರು ಹಂಚಿಕೊಳ್ಳಬೇಕು. ಲೆಕ್ಕ ಬರೆಯಲು ಯಾರೂ ಇರಲಿಲ್ಲ. ‘ಲಿಸಾ ಇದ್ದಾಳಲ್ಲ’ ಎಂದರು. ನಾನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಹತ್ತು ಜನರಿಗೂ ಒಂದೊಂದು ಖಾತೆ ತೆರೆದೆ. ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಕೆಂಪು ಪೆನ್ನಿನಿಂದ ಗೆರೆ. ನಮ್ಮ ಅಕೌಂಟೆನ್ಸಿ ಉಪನ್ಯಾಸಕರು ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ನನಗೆ ಹೆಮ್ಮೆಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಜೂಜು ಹರಾಮ್ ಎಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಕ್ಕವರಿದ್ದಾಗಿನಿಂದ ಕಲಿತದ್ದೇ. ಆದರೆ ನಾವು ಅದನ್ನು ಜೂಜು ಎಂದು ಕರೆಯಲೇ ಇಲ್ಲ. ‘ಪೂಲ್’ ಎಂದು ಕರೆದೆವು. ಹೆಸರು ಬದಲಾಯಿಸಿದರೆ ಮನಸ್ಸು ಎಷ್ಟು ಬೇಗ ಒಪ್ಪಿಕೊಳ್ಳುತ್ತದೆ ಎಂಬುದು ನನಗೆ ಈಗಲೂ ಆಶ್ಚರ್ಯ. ಒಂದು ದಿನ ದಾದಿ ನನ್ನ ಪಕ್ಕ ಕೂತು ನೋಟ್‌ಬುಕ್ ನೋಡಿದರು. ಅವರಿಗೆ ಓದು ಅಷ್ಟಕ್ಕಷ್ಟೆ. ಆದರೆ ಐವತ್ತು ವರ್ಷ ಮನೆಯ ಖರ್ಚು ನಡೆಸಿದವರು. ಏನಿದು ಎಂದು ಕೇಳಿದರು, ಹೇಳಿದೆ. ದಾದಿ ಬೈಯಲಿಲ್ಲ. ‘ಹಿಸಾಬ್ ಬರಾಬ್ಬರ್ ಹೈ ಬೇಟಾ, ಕಾಮಿಚ್ ಬರಾಬ್ಬರ್ ನೈ’ ಎಂದು ಎದ್ದು ಹೋದರು. ಲೆಕ್ಕ ಸರಿಯಾಗಿದೆ ಮಗೂ, ಕೆಲಸವೇ ಸರಿಯಿಲ್ಲ ಎಂದರ್ಥ. ನಾನು ಆ ದಿನ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡೆ.

ಏಪ್ರಿಲ್ ಕೊನೆಯ ಹೊತ್ತಿಗೆ ಅಣ್ಣನಿಗೆ ನಮ್ಮ ಇಪ್ಪತ್ತು ರೂಪಾಯಿ ಸಾಲದಾಯಿತು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡ. ‘ಇದು ಲಕ್ ಅಲ್ಲ, ಸ್ಕಿಲ್. ನೀನೇ ನೋಡು’ ಎಂದು ಆಟಗಾರರ ಸರಾಸರಿ, ಸ್ಟ್ರೈಕ್ ರೇಟ್, ಎಡಗೈ ಬೌಲರ್ ವಿರುದ್ಧ ರನ್ ಎಲ್ಲವನ್ನೂ ತೋರಿಸುತ್ತಿದ್ದ. ನಾನು ಕೂಡಿ ಕಳೆದು ಸಹಾಯ ಮಾಡಿದೆ. ಆಗ ನನಗೆ ‘ಲಿಸಾ ದಿ ಗ್ರೀಕ್’ ಎಂಬ ಇನ್ನೊಂದು ಕಂತು ನೆನಪಾಗಬೇಕಿತ್ತು. ಅದು ಈ ಸಾಫ್ಟ್‌ಬಾಲ್ ಕಂತಿಗಿಂತ ನಾಲ್ಕು ವಾರ ಮೊದಲು, 1992ರ ಜನವರಿ 23ರಂದು ಬಂದದ್ದು. ಅದರಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಲ್ಲಿ ಯಾರು ಗೆಲ್ಲುತ್ತಾರೆ ಎಂದು ಲಿಸಾ ಸರಿಯಾಗಿ ಹೇಳುತ್ತಾಳೆ, ಹೋಮರ್ ಬಾಜಿ ಕಟ್ಟಿ ಹಣ ಮಾಡುತ್ತಾನೆ. ಅಪ್ಪ ನನ್ನ ಜೊತೆ ಕೂರುತ್ತಾನೆ ಎಂದು ಲಿಸಾಗೆ ಖುಷಿ. ಅಪ್ಪನಿಗೆ ಬೇಕಾಗಿದ್ದದ್ದು ತಾನಲ್ಲ, ತನ್ನ ಲೆಕ್ಕ ಎಂದು ಅವಳಿಗೆ ತಡವಾಗಿ ತಿಳಿಯುತ್ತದೆ. ಆ ಕಂತಿನಲ್ಲಿ ವಾಷಿಂಗ್ಟನ್ ತಂಡ ಗೆಲ್ಲುತ್ತದೆ. ಮೂರು ದಿನಗಳ ನಂತರ ನಿಜವಾದ ಸೂಪರ್ ಬೌಲ್‌ನಲ್ಲೂ ವಾಷಿಂಗ್ಟನ್ನೇ ಗೆದ್ದಿತು. ಎಲ್ಲರೂ ಈ ಭವಿಷ್ಯವನ್ನು ನೆನಪಿಟ್ಟುಕೊಂಡರು. ಲಿಸಾಳ ಬೇಸರ ಯಾರಿಗೆ ನೆನಪಿದೆ?

ಜೂನ್ 3, 2025 ನಿಮಗೆಲ್ಲ ನೆನಪಿರುತ್ತದೆ. ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿ, 18ನೇ ವರ್ಷದಲ್ಲಿ ಮೊದಲ ಸಲ ಕಪ್ ಎತ್ತಿತು. ನಮ್ಮ ಬೀದಿಯಲ್ಲಿ ಪಟಾಕಿ, ಕೂಗಾಟ. ನನ್ನ ಅಬ್ಬಾ ಕೂಡ ಲುಂಗಿಯಲ್ಲೇ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಅಣ್ಣ ಮಾತ್ರ ಒಳಗೆ ಗೋಡೆಗೆ ಒರಗಿ ಕೂತಿದ್ದ. ಏಳನೇ ವಯಸ್ಸಿನಿಂದ ಆರ್‌ಸಿಬಿ ಜೆರ್ಸಿ ಹಾಕಿಕೊಂಡವನು. ‘ಏನಾಯ್ತು, ಬಾ’ ಎಂದೆ. ಮುಖ ಎತ್ತಲಿಲ್ಲ. ಆ ರಾತ್ರಿ ಅವನು ಹಣ ಹಾಕಿದ್ದು ಪಂಜಾಬ್ ಆಟಗಾರರ ಮೇಲೆ. ಕಳೆದುಕೊಂಡದ್ದನ್ನೆಲ್ಲ ಒಂದೇ ಪಂದ್ಯದಲ್ಲಿ ವಾಪಸ್ ಪಡೆಯಬೇಕೆಂದು, ಫೀಸಿಗೆಂದು ಖಾಲಾ ಚೀಟಿ ಎತ್ತಿ ಇಟ್ಟಿದ್ದ ಎಂಟು ಸಾವಿರ ರೂಪಾಯಿ ಸೇರಿಸಿದ್ದ. ತಾನು ಹತ್ತಾರು ವರ್ಷ ಕಾದ ದಿನ ಬಂದಾಗ ಅವನಿಗೆ ಖುಷಿಪಡಲು ಆಗಲಿಲ್ಲ. ಹಣ ಹೇಗೋ ಬರುತ್ತದೆ. ಆ ರಾತ್ರಿ ವಾಪಸ್ ಬರುವುದಿಲ್ಲ.

ಆಮೇಲೆ ಒಂದು ವಾರ ಕಳೆದು ನಾನು ಆ ಸಾಫ್ಟ್‌ಬಾಲ್ ಕಂತನ್ನು ಮತ್ತೆ ನೋಡಿದೆ. ಈ ಸಲ ನಗು ಬಂತು, ಆದರೆ ಬೇರೆ ಕಡೆ ಬಂತು. ಬಾಜಿ ಕಟ್ಟಿದವನು ಬರ್ನ್ಸ್. ಬಾಜಿಯ ಬೆಲೆ ಕೊಟ್ಟವರು ಯಾರು? ಬೆಂಚಿನ ಮೇಲೆ ಕೂತ ನೌಕರರು. ಹಣ ಬರುವ ಮೊದಲು ಅದು ಅವರ ಆಟ. ಹಣ ಬಂದ ಮೇಲೆ ಅದು ಮಾಲೀಕನ ಲೆಕ್ಕ. ಅಣ್ಣನಿಗೂ ಆದದ್ದು ಇದೇ ಅಲ್ಲವೇ? ತನ್ನದೇ ತಂಡ ತನಗೆ ಎದುರಾಳಿಯಾಯಿತು.

ಈಗ ನನ್ನ ಮುಖ್ಯ ಮಾತು. ಸಿಂಪ್ಸನ್ಸ್‌ನಲ್ಲಿ ವಾರ ಮುಗಿದರೆ ಎಲ್ಲ ಮೊದಲಿನಂತೆ. ಬಾರ್ಟ್‌ಗೆ ಇಂದಿಗೂ ಹತ್ತೇ ವರ್ಷ. ಕೋಳಿಯಾದವನು, ತಲೆ ಊದಿದವನು ಮುಂದೆ ಏನಾದರು ಎಂದು ಮರುವಾರ ಯಾರೂ ಕೇಳುವುದಿಲ್ಲ. ಆದರೆ ಧಾರಾವಾಹಿಗೆ ಪೂರ್ತಿ ಮರೆವೂ ಇಲ್ಲ. 2010ರ ಅಕ್ಟೋಬರ್ 10ರಂದು ಬಂದ ‘ಮನಿಬಾರ್ಟ್’ ಕಂತಿನಲ್ಲಿ ಅದೇ ಮೈಕ್ ಸೋಷಾ ಹದಿನೆಂಟು ವರ್ಷಗಳ ನಂತರ ಬರುತ್ತಾನೆ. ಅಷ್ಟರಲ್ಲಿ ಅವನು ನಿಜಜೀವನದಲ್ಲಿ ಕೋಚ್ ಆಗಿದ್ದ. ಅಂದು ತಗುಲಿದ ವಿಕಿರಣದಿಂದಲೇ ನನಗೆ ತಂಡ ನಡೆಸುವ ಶಕ್ತಿ ಬಂತು ಎಂದು ಹೇಳುತ್ತಾನೆ! ಹಾಗೆಯೇ 1993ರ ಒಂದು ಕಂತಿನಲ್ಲಿ ಬರ್ನ್ಸ್ ಊರಿನಲ್ಲಿ ಕ್ಯಾಸಿನೊ ತೆರೆಯುತ್ತಾನೆ, ಮಾರ್ಜ್ ಜೂಜಿನ ಚಟಕ್ಕೆ ಬಿದ್ದು ಮನೆ ಮಕ್ಕಳನ್ನು ಮರೆಯುತ್ತಾಳೆ. 1999ರಲ್ಲಿ ಆ ಕ್ಯಾಸಿನೊವನ್ನು ಕೆಡವುವುದನ್ನು ತೋರಿಸುತ್ತಾರೆ. ಕಟ್ಟಡ ನೆನಪಿದೆ, ತಮಾಷೆ ನೆನಪಿದೆ. ಸಾಲ ಮಾತ್ರ ನೆನಪಿಲ್ಲ. ಮಾರ್ಜ್ ಕಳೆದ ಹಣವನ್ನು ಆ ಮನೆಯಲ್ಲಿ ಯಾರು ತೀರಿಸಿದರು?

ನಾವು ಕಾಮರ್ಸ್‌ನವರು. ಈ ವರ್ಷದ ಅಂತಿಮ ಶಿಲ್ಕು ಮುಂದಿನ ವರ್ಷದ ಆರಂಭಿಕ ಶಿಲ್ಕು ಎಂದು ನಮಗೆ ಮೊದಲ ವರ್ಷದಲ್ಲೇ ಹೇಳಿಕೊಟ್ಟಿದ್ದಾರೆ. ಪುಟ ತಿರುಗಿಸಿದರೆ ಸಾಲ ಹೋಗುವುದಿಲ್ಲ, ಮುಂದಿನ ಪುಟದ ಮೇಲ್ಭಾಗದಲ್ಲಿ ಬಂದು ಕೂರುತ್ತದೆ. ಜೂಜಿನ ಆ್ಯಪ್ ಮಾಡುವ ಮೋಸವೆಂದರೆ ಜೀವನವನ್ನು ಕಾರ್ಟೂನಿನಂತೆ ತೋರಿಸುವುದು. ‘ಹೊಸ ಪಂದ್ಯ, ಹೊಸ ತಂಡ, ಹೊಸ ಅವಕಾಶ.’ ನಿನ್ನೆಯದು ಪರದೆಯ ಮೇಲೆ ಇಲ್ಲವೇ ಇಲ್ಲ. ಅದು ಖಾಲಾನ ಪೆಟ್ಟಿಗೆಯಲ್ಲಿದೆ.

ಬೇಸ್‌ಬಾಲ್ ಆಟಕ್ಕೂ ಇದು ಚೆನ್ನಾಗಿ ಗೊತ್ತು. 1919ರ ವರ್ಲ್ಡ್ ಸೀರೀಸ್‌ನಲ್ಲಿ ಹಣಕ್ಕಾಗಿ ಸೋತರೆಂದು ಶಿಕಾಗೊ ತಂಡದ ಎಂಟು ಆಟಗಾರರನ್ನು 1921ರಲ್ಲಿ ಶಾಶ್ವತವಾಗಿ ಹೊರಗಿಟ್ಟರು. ಕೋರ್ಟ್ ಅವರನ್ನು ಬಿಡುಗಡೆ ಮಾಡಿದರೂ ಆಟ ಬಿಡುಗಡೆ ಮಾಡಲಿಲ್ಲ. 4,256 ಹಿಟ್‌ಗಳ ದಾಖಲೆ ಮಾಡಿದ ಪೀಟ್ ರೋಸ್ ಬಾಜಿ ಕಟ್ಟಿದ್ದಕ್ಕೆ 1989ರಲ್ಲಿ ನಿಷೇಧಕ್ಕೊಳಗಾದ. ಅವನು 2024ರಲ್ಲಿ ತೀರಿಕೊಂಡ ಮೇಲೆ, 2025ರ ಮೇ ತಿಂಗಳಲ್ಲಿ ಆ ನಿಷೇಧ ತೆಗೆದರು. ಆದರೆ ಹತ್ತು ಲಕ್ಷ ಡಾಲರ್ ಬಾಜಿಯ ಪಂದ್ಯ ಗೆಲ್ಲಿಸಿದ ಹೋಮರ್ ಸಿಂಪ್ಸನ್‌ಗೆ 2017ರ ಮೇ 27ರಂದು ಕೂಪರ್ಸ್‌ಟೌನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಸನ್ಮಾನ ಮಾಡಿದರು! ತಮಾಷೆಗೆ ಮಾಡಿದ ಸನ್ಮಾನ, ನಿಜ. ಆದರೂ ವ್ಯತ್ಯಾಸ ನೋಡಿ. ಚಿತ್ರದ ಮನುಷ್ಯನಿಗೆ ಹಾರ, ರಕ್ತಮಾಂಸದ ಮನುಷ್ಯನಿಗೆ ಮೂವತ್ತೈದು ವರ್ಷ ಮುಚ್ಚಿದ ಬಾಗಿಲು.

‘ಅದು ಲಕ್ ಅಲ್ಲ, ಸ್ಕಿಲ್’ ಎಂಬ ವಾದಕ್ಕೂ ಉತ್ತರ ಕೊಡಬೇಕು. ಏಕೆಂದರೆ ಇದು ಅಣ್ಣನ ವಾದ ಮಾತ್ರವಲ್ಲ. ನಮ್ಮ ರಾಜ್ಯ 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ತಂದಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ಪ್ರಶ್ನೆ ಅಲ್ಲಿ ಮುಖ್ಯವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟುವ ಆನ್‌ಲೈನ್ ಆಟವನ್ನೇ ನಿಷೇಧಿಸಿತು. ನಾನು ವಕೀಲಳಲ್ಲ. ‘ಮನಿಬಾರ್ಟ್’ ಕಂತನ್ನೇ ಉದಾಹರಣೆ ಕೊಡುತ್ತೇನೆ. ಅದರಲ್ಲಿ ಲಿಸಾ ಮಕ್ಕಳ ಬೇಸ್‌ಬಾಲ್ ತಂಡದ ಕೋಚ್ ಆಗುತ್ತಾಳೆ. ಆಟ ಗೊತ್ತಿಲ್ಲ, ಅಂಕಿಅಂಶ ಗೊತ್ತು. ಲೆಕ್ಕದಿಂದಲೇ ಗೆಲ್ಲಿಸುತ್ತಾಳೆ. ಮೈಕಲ್ ಲೂಯಿಸ್ ಅವರ 2003ರ ‘ಮನಿಬಾಲ್’ ಪುಸ್ತಕದ ಅಣಕ ಇದು. ಬಾರ್ಟ್ ಅವಳ ಮಾತು ಮೀರಿ ಬೀಸಿ ಹೊಡೆದು ಗೆಲ್ಲಿಸಿದರೂ ಅವನನ್ನು ತಂಡದಿಂದ ತೆಗೆಯುತ್ತಾಳೆ. ಕೊನೆಯ ಪಂದ್ಯದಲ್ಲಿ ಬಾರ್ಟ್ ಲೆಕ್ಕಕ್ಕೆ ವಿರುದ್ಧವಾಗಿ ಓಡುತ್ತಾನೆ. ಲಿಸಾ ಈ ಸಲ ಅವನನ್ನು ತಡೆಯದೆ ಹುರಿದುಂಬಿಸುತ್ತಾಳೆ. ಅವನು ಔಟಾಗುತ್ತಾನೆ, ತಂಡ ಸೋಲುತ್ತದೆ. ಆದರೂ ಇಬ್ಬರೂ ಖುಷಿಯಾಗಿರುತ್ತಾರೆ. ಏಕೆ? ಆ ಪಂದ್ಯದ ಮೇಲೆ ಅವರು ಹಣ ಕಟ್ಟಿರಲಿಲ್ಲ. ಸೋತು ನಗಬಲ್ಲೆವಾದರೆ ಅದು ಆಟ. ಸೋತಾಗ ಅಮ್ಮನ ಮುಖ ನೋಡಲು ಆಗದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಕೌಶಲ ಇದ್ದರೂ ಕೂಡಿಕೆ ಬದಲಾಗುವುದಿಲ್ಲ. ನಮ್ಮ ನೋಟ್‌ಬುಕ್ಕಿನ ಹತ್ತು ಖಾತೆಗಳನ್ನು ಕೊನೆಗೆ ಕೂಡಿದೆ. ಒಬ್ಬರ ಲಾಭ ಇನ್ನೊಬ್ಬರ ನಷ್ಟ, ಮೊತ್ತ ಸೊನ್ನೆ. ಎರಡು ತಿಂಗಳು ಬರೆದು ಹತ್ತು ಜನರ ನಡುವೆ ಒಂದು ರೂಪಾಯಿಯೂ ಹೊಸದಾಗಿ ಹುಟ್ಟಲಿಲ್ಲ. ಆ್ಯಪ್ ಇದಕ್ಕಿಂತ ಕೆಟ್ಟದ್ದು. ಉದಾಹರಣೆಗೆ, ಹತ್ತು ಜನ ಐವತ್ತು ರೂಪಾಯಿಯಂತೆ ಐನೂರು ಹಾಕಿ, ಆ್ಯಪ್ ತನ್ನ ಪಾಲೆಂದು ಎಪ್ಪತ್ತೈದು ಇಟ್ಟುಕೊಂಡರೆ, ಎಲ್ಲರೂ ಎಷ್ಟೇ ಬುದ್ಧಿವಂತರಾದರೂ ಸೇರಿ ಎಪ್ಪತ್ತೈದು ರೂಪಾಯಿ ಸೋತೇ ಸೋಲುತ್ತಾರೆ. ಇಲ್ಲಿ ನಿಶ್ಚಿತವಾಗಿ ಗೆಲ್ಲುವ ಬರ್ನ್ಸ್ ಒಬ್ಬನೇ.

ಕಾನೂನು ಬಂದಿದೆಯಲ್ಲ, ಇನ್ನೇನು ಎಂದು ಕೆಲವರು ಕೇಳಬಹುದು. ಕಾನೂನು ಆ್ಯಪ್‌ಗಳನ್ನು ಮುಚ್ಚಿಸಬಹುದು. ಆದರೆ ನಮ್ಮ ಕಾಲೇಜಿನ ಕಾರಿಡಾರಿನಲ್ಲಿ ಇಪ್ಪತ್ತು ರೂಪಾಯಿ ‘ಪೂಲ್’ ಇಲ್ಲ ಎಂದು ಯಾರಾದರೂ ಹೇಳಲಿ ನೋಡೋಣ. ಎಲ್ಲ ಶುರುವಾಗುವುದು ಅಲ್ಲೇ. ನಾನು ಇಬ್ಬರಿಗೆ ಎರಡು ಮಾತು ಹೇಳುತ್ತೇನೆ. ಸ್ನೇಹಿತರೇ, ಮುಂದಿನ ಸೀಸನ್‌ಗೆ ಪೂಲ್ ಬೇಡ. ಯಾರು ಗೆಲ್ಲುತ್ತಾರೆ ಎಂದು ಹೇಳಿ, ಸರಿಯಾದರೆ ಮೀಸೆ ತಿರುವಿ, ತಪ್ಪಾದರೆ ಬೈಸಿಕೊಳ್ಳಿ, ಅಷ್ಟು ಸಾಕು. ಉಪನ್ಯಾಸಕರೇ, ‘ಜೂಜು ಆಡಬೇಡಿ’ ಎಂದು ಅಸೆಂಬ್ಲಿಯಲ್ಲಿ ಹೇಳುವುದರ ಜೊತೆಗೆ, ಸಂಭವನೀಯತೆಯ ಪಾಠದಲ್ಲಿ ದಾಳ, ನಾಣ್ಯದ ಬದಲು ಒಮ್ಮೆ ಈ ಐನೂರು ರೂಪಾಯಿ ಲೆಕ್ಕ ಮಾಡಿಸಿ. ಬೈಗುಳ ಮರೆಯುತ್ತೇವೆ. ಲೆಕ್ಕ ಮರೆಯುವುದಿಲ್ಲ.

ಅಣ್ಣ ಈಗ ಸಂಜೆ ಹೊತ್ತು ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿ ತಿಂಗಳಿಗೆ ಸಾವಿರ ರೂಪಾಯಿಯಂತೆ ಖಾಲಾಗೆ ಕೊಡುತ್ತಿದ್ದಾನೆ. ಆ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಪುಟದಲ್ಲಿ ನಾನು ಒಂದು ಹೊಸ ಖಾತೆ ತೆರೆದಿದ್ದೇನೆ. ಆರಂಭಿಕ ಶಿಲ್ಕು ಎಂಟು ಸಾವಿರ ಇತ್ತು. ಈ ಲೇಖನ ಕೊಡುವ ದಿನಕ್ಕೆ ಮೂರು ಸಾವಿರ ಬಾಕಿ ಇದೆ. ಮೊನ್ನೆ ದಾದಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ‘ಅಬ್ ದೋನೋ ಬರಾಬ್ಬರ್ ಹೈ’ ಎಂದರು. ಈಗ ಎರಡೂ ಸರಿಯಾಗಿದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ